ಅಂಚಿನ ಬಣ್ಣ

ಮತ್ತಿಘಟ್ಟದ ವಿಘ್ನೇಶ್ವರ ಹೆಗಡೆಯವರು ಚಪ್ಪಲಿ ಮಾಡಿಸುತ್ತಿದ್ದರು. ಶಿರಸಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಿದ್ದರು, ಹೆಗಡೆಯವರೊಬ್ಬರನ್ನು ಬಿಟ್ಟು. ಅವರ ಬಾಯಿಂದ ಚಪ್ಪಲಿ ಎಂಬ ಶಬ್ದ ಹೊರಡುತ್ತಲೇ ಇರಲಿಲ್ಲ. ಕೈಗಾರಿಕಾ ವಸಾಹತಿನ ಅವರ ಶೆಡ್ಡಿನ ಮೇಲೆ ‘ಶ್ರೀ ಗಜಾನನ ಪಾಲಿಮರ್ಸ್’ ಎಂದು ಬರೆಸಿದ್ದರು. ಊರ ಕಡೆಯವರು ಯಾರಾದರೂ ಹಾಗೆಂದರೇನು ಎಂದು ಕೇಳಿದರೆ ಇದು ದೊಡ್ಡ ರಸಾಯನಶಾಸ್ತ್ರ, ವಿವರಿಸಿದರೂ ನಿಮಗೆ ಹತ್ತುವುದಿಲ್ಲ ಎಂಬಂತೆ ಮುಖ ಮಾಡುತ್ತಿದ್ದರು. ಕೇಳಿದವರು ತಮ್ಮ ದಡ್ಡತನಕ್ಕೆ ತಾವೇ ನಾಚಿಕೊಂಡು ಎಲೆಯಡಕೆಯ ಕವಳ ಹಾಕಲು ಕೂರುತ್ತಿದ್ದರು.

ತೊಂಬತ್ತೈದರ ಸುಮಾರಿಗೆ ಅವರು ಈ ಶೆಡ್ಡು ಹಿಡಿದದ್ದೂ ಚಪ್ಪಲಿಯ ಮೇಲಿನ ಮೋಹದಿಂದಲ್ಲ. ಮೇಣದಬತ್ತಿ, ಊದುಬತ್ತಿ, ಹಪ್ಪಳದಂಥ ಮರ್ಯಾದಸ್ಥ ಬಾಬತ್ತುಗಳನ್ನೆಲ್ಲ ಬೇರೆಯವರು ಮೊದಲೇ ಹಿಡಿದಿದ್ದರು. ಉಳಿದದ್ದು ಪಾದರಕ್ಷೆ ಒಂದೇ. ಸದ್ಯಕ್ಕೆ ಇರಲಿ, ಕರೆಂಟಿನ ಲೈನು ಬಂದ ಮೇಲೆ ಏನಾದರೂ ಸಭ್ಯವಾದದ್ದನ್ನು ಶುರುಮಾಡೋಣ ಎಂದುಕೊಂಡೇ ಅವರು ವಸಾಹತಿನ ಕಾಗದಕ್ಕೆ ಸಹಿ ಹಾಕಿದ್ದರು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರಿಗೆಲ್ಲ ಕಾಲುಗಳಿದ್ದುದರಿಂದ ಚಪ್ಪಲಿ ಖರ್ಚಾಗತೊಡಗಿತು. ಸಭ್ಯವಾದದ್ದು ಹಾಗೇ ಮುಂದೆ ಹೋಯಿತು. ತಾವು ಮಾಡುವುದು ಚರ್ಮದ್ದಲ್ಲ, ರಬ್ಬರು ಮತ್ತು ರೆಗ್ಜಿನ್ನಿನದು ಎಂಬುದೇ ಹೆಗಡೆಯವರಿಗೆ ದೊಡ್ಡ ಸಮಾಧಾನ. ದನ ಸಾಯದೆ ತಯಾರಾದ ಚಪ್ಪಲಿಗೆ ಮೈಲಿಗೆ ಕಡಿಮೆ ಎಂದು ಅವರು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದರು.

ಶೆಡ್ಡಿನೊಳಗಿನ ಕೆಲಸವನ್ನೆಲ್ಲ ನಡೆಸುತ್ತಿದ್ದವಳು ನೀಲಗಂಗವ್ವ. ಹಾನಗಲ್ಲ ಕಡೆಯವಳು, ಚಪ್ಪಲಿ ಹೊಲಿಯುವ ಕಸುಬಿನ ಮನೆಯಲ್ಲಿ ಹುಟ್ಟಿದವಳು. ಅವಳಿಲ್ಲದಿದ್ದರೆ ಪಾಲಿಮರ್ಸ್ ಒಂದು ದಿನವೂ ನಡೆಯುತ್ತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಹೆಗಡೆಯವರು ಅವಳಿಗೂ ಉಳಿದ ಹೆಂಗಸರಿಗೂ ಸ್ಟೀಲಿನ ಲೋಟ ಇಟ್ಟು, ಆಫೀಸಿನ ಗೂಡಿನಲ್ಲಿ ತಮಗೆ ಗಾಜಿನ ಲೋಟ ಇಟ್ಟುಕೊಂಡಿದ್ದರು. ಎರಡನ್ನೂ ಒಂದೇ ಬಕೆಟ್ಟಿನ ನೀರಲ್ಲಿ ತೊಳೆಯಬಾರದು ಎಂಬುದು ಆ ಕಾರ್ಖಾನೆಯಲ್ಲಿ ಕಟ್ಟುನಿಟ್ಟಾಗಿ ಪಾಲನೆಯಾಗುತ್ತಿದ್ದ ಒಂದೇ ನಿಯಮ.

ಹೆಗಡೆಯವರ ಮಗಳು ಅಭಿಜ್ಞಾ ಬಿ.ಕಾಂ. ಮುಗಿಸಿದವಳು ಮನೆಯಲ್ಲಿ ಕೂತು ಬೇಜಾರಾಗಿ ಬಿಲ್ಲು ಬರೆಯಲೆಂದು ಶೆಡ್ಡಿಗೆ ಬರತೊಡಗಿದಳು. ಬಿಲ್ಲಿನ ಕೆಲಸ ಬೆಳಗಿನ ಹೊತ್ತಿಗೇ ಮುಗಿದುಹೋಗುತ್ತಿತ್ತು. ಆಮೇಲೆ ಅವಳು ಒಳಗೆ ಹೋಗಿ ಬಣ್ಣ ಬಳಿಯುವ ಬೆಂಚಿನ ಹತ್ತಿರ ಕೂರುತ್ತಿದ್ದಳು. ಅಪ್ಪಯ್ಯನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಅವರಿಗೆ ಜ್ವರ ಬಂದರೆ ಕಷಾಯ ಮಾಡಿಕೊಡುವವಳು ಅವಳೇ. ಆದರೆ ತಾನು ಉಣ್ಣುವ ಅನ್ನ ಯಾವುದರಿಂದ ಬರುತ್ತದೋ ಅದರ ಹೆಸರು ಹೇಳಲು ಹೆದರುವ ಮನುಷ್ಯನನ್ನು ಕಂಡರೆ ಅವಳಿಗೆ ತುಟಿಯ ಒಂದು ಮೂಲೆ ತಾನಾಗಿಯೇ ಕೆಳಗಿಳಿಯುತ್ತಿತ್ತು. ಆ ಮೂಲೆಯನ್ನು ಮೇಲಕ್ಕೆತ್ತುವ ಶ್ರಮವನ್ನು ಅವಳು ತೆಗೆದುಕೊಳ್ಳಲಿಲ್ಲ.

ಆಗ ಅವರು ಮಾಡುತ್ತಿದ್ದುದು ಹೆಂಗಸರ ಕೆನೆಬಣ್ಣದ ಚಪ್ಪಲಿ. ಎಲ್ಲ ಜೋಡಿಸಿಯಾದ ಮೇಲೆ ಅಟ್ಟೆಯ ಅಂಚಿಗೆ ಮಾತ್ರ ಸುತ್ತಲೂ ಕಂದು ಬಣ್ಣ ಬಳಿಯಬೇಕು. ಹೆಂಗಸರು ಟೇಪು ಅಂಟಿಸಿ ಬ್ರಷ್ಷಿನಲ್ಲಿ ಬಳಿಯುತ್ತಿದ್ದರು. ಬಣ್ಣ ಟೇಪಿನಡಿ ನುಸುಳಿ ಪಟ್ಟಿಗೂ ಪಾದ ಊರುವ ಜಾಗಕ್ಕೂ ಹಾಯುತ್ತಿತ್ತು. ಹುಬ್ಬಳ್ಳಿಯ ವ್ಯಾಪಾರಿ ಪ್ರತಿ ಸಲವೂ ಕಲೆಯಾದ ಜೋಡಿಗಳನ್ನು ವಾಪಸು ಕಳಿಸಿ, ನಿಮ್ಮ ಚಪ್ಪಲಿ ಕೆಸರು ತುಳಿದುಕೊಂಡೇ ಅಂಗಡಿಗೆ ಬರುತ್ತವೆ ಎಂದು ಫೋನಿನಲ್ಲಿ ಬೈಯುತ್ತಿದ್ದ. ಹೆಗಡೆಯವರು ಅದನ್ನೆಲ್ಲ ಸಹಿಸಿಕೊಂಡರು. ಅವರ ಸಹನೆ ಮೀರಿದ್ದು ಒಂದು ಉಪನಯನದ ಊಟದ ಪಂಕ್ತಿಯಲ್ಲಿ.

ಶೆಡ್ಡಿನ ಬಾಗಿಲ ಹಿಡಿಕೆಗೆ ಯಾರದೋ ಕೈಯ ಬಣ್ಣ ಹತ್ತಿತ್ತು, ಅದು ಅವರ ಕೈಗೆ ಬಂದಿತ್ತು. ಉಗುರಿನ ಸಂದಿಯಲ್ಲಿ ಕಂದು ಗೆರೆ. ಪಕ್ಕದ ಎಲೆಗೆ ಕೂತು ಸಾರು ಸುರಿಯುತ್ತಿದ್ದ ಮುದುಕರೊಬ್ಬರು ಅದನ್ನು ನೋಡಿ, “ಎಂತ ಹೆಗಡೆ ಅದು ಕೈಗೆ?” ಎಂದರು.

“ಎಂತ ಇಲ್ಲೆ. ಬಾಗ್ಲಿಗೆ ಪೇಂಟು ಹೊಡೆಸ್ತಾ ಇದ್ದೆ” ಎಂದರು ಹೆಗಡೆಯವರು.

ಮುದುಕರಿಗೆ ಅಷ್ಟೇ ಸಾಕಾಗಿತ್ತು. ಅವರು ಹೋಳಿಗೆಗೆ ತುಪ್ಪ ಬರಲಿಲ್ಲವೆಂಬ ಚಿಂತೆಗೆ ಬಿದ್ದರು. ಹೆಗಡೆಯವರು ಮಾತ್ರ ಉಗುರು ಕಾಣದ ಹಾಗೆ ಬೆರಳು ಮಡಚಿಕೊಂಡೇ ಊಟ ಮುಗಿಸಿದರು. ಮರುದಿನ ಶೆಡ್ಡಿಗೆ ಬಂದವರೇ, ಇನ್ನು ಮುಂದೆ ಇಲ್ಲಿ ಬಣ್ಣದ ಕೆಲಸ ಚೊಕ್ಕವಾಗಿ ಆಗಬೇಕು, ಒಂದು ಹನಿ ಆಚೀಚೆ ಹೋಗಕೂಡದು ಎಂದು ಘೋಷಿಸಿ, ಬಸ್ಸು ಹತ್ತಿ ಮುಂಬಯಿಯ ಒಂದು ಯಂತ್ರಗಳ ಪ್ರದರ್ಶನಕ್ಕೆ ಹೊರಟುಹೋದರು. ಹುಬ್ಬಳ್ಳಿಯವನ ಬೈಗುಳಕ್ಕೆ ಹೋಗದವರು ಒಂದು ಉಗುರಿಗಾಗಿ ಹೋದರು.

ಬರುವಾಗ ಮರದ ಪೆಟ್ಟಿಗೆ ತಂದರು. ಒಳಗೆ ಹೊಳೆಯುವ ತಗಡಿನ ಮುಚ್ಚಳಗಳು, ಪ್ರತಿ ಅಳತೆಗೂ ಎಡ ಬಲ ಎಂದು ಬೇರೆ ಬೇರೆ. ಚಪ್ಪಲಿಯ ಮೇಲೆ ಇಟ್ಟು ಹಿಡಿಕೆ ಬಿಗಿದರೆ ಪಟ್ಟಿ, ಪಾದದ ಜಾಗ ಎಲ್ಲ ಮುಚ್ಚಿಹೋಗಿ ಅಂಚು ಮಾತ್ರ ಹೊರಗೆ ಕಾಣುತ್ತದೆ. ಸ್ಪ್ರೇ ಗನ್ನಿನಿಂದ ಸುತ್ತ ಹೊಡೆದು ಮುಚ್ಚಳ ತೆಗೆದರೆ ಕತ್ತರಿಸಿದ ಹಾಗೆ ಗೆರೆ. ಸಲಕರಣೆ ಬಹಳ ಒಳ್ಳೆಯದೇ. ತೊಂದರೆ ಏನೆಂದರೆ ಅದನ್ನು ಬೇರೆ ಯಾರದೋ ಚಪ್ಪಲಿಗೆ ಮಾಡಿದ್ದರು. ಆ ಚಪ್ಪಲಿಗಳ ಮುಂಭಾಗ ಮೀನಿನ ಮೂತಿಯ ಹಾಗೆ ಚೂಪು. ಹೆಗಡೆಯವರ ಚಪ್ಪಲಿಯ ಮುಂಭಾಗ ಅಗಲ. ಮುಚ್ಚಳ ಇಟ್ಟರೆ ಎರಡೂ ಬದಿಗೆ ಬೆರಳು ತೂರುವಷ್ಟು ಜಾಗ ಬಾಯಿ ಬಿಟ್ಟುಕೊಂಡಿತ್ತು.

ಅಭಿಜ್ಞಾ ಒಂದನ್ನು ಇಟ್ಟು ನೋಡಿ, “ತರಕ್ಕಿಂತ ಮೊದ್ಲು ಒಂದು ಚಪ್ಪಲಿ ತಗಂಡು ಹೋಗಿದ್ಯಾ ಅಪ್ಪಯ್ಯ, ಅಳತೆ ನೋಡಲೆ?” ಎಂದಳು.

“ಚೀಲದಲ್ಲಿ ಅದನ್ನ ಹಾಕ್ಯಂಡು ಅಷ್ಟು ದೂರ ಹೋಗ್ಲಾಗ್ತಾ? ಚೀಲದಲ್ಲಿ ಸಂಧ್ಯಾವಂದನೆ ಪಂಚಪಾತ್ರೆ ಇದ್ದಿತ್ತು” ಎಂದರು ಹೆಗಡೆಯವರು.

ನೀಲಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು.

ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆಯನ್ನು ವಾಪಸು ಕಳಿಸುತ್ತಿದ್ದರು. ಹೆಗಡೆಯವರು ಹಾಗೆ ಸೋಲುವವರಲ್ಲ. ಮುಚ್ಚಳ ಚಪ್ಪಲಿಗೆ ಕೂರದಿದ್ದರೆ ಚಪ್ಪಲಿಯನ್ನೇ ಮುಚ್ಚಳಕ್ಕೆ ಕೂರಿಸುವುದು ಎಂದು ತೀರ್ಮಾನಿಸಿದರು. ಹಳೆಯ ಅಚ್ಚುಗಳನ್ನು ಮೂಲೆಗೆ ಹಾಕಿಸಿ ಚೂಪು ಮೂತಿಯ ಹೊಸ ಅಚ್ಚುಗಳನ್ನು ಮಾಡಿಸಿದರು.

“ಸಾಹುಕಾರ್ರ, ನಮ್ಮ ಕಡೆ ಹೆಣಮಕ್ಕಳ ಕಾಲು ಹಿಂಗ ಇರೂದಿಲ್ರಿ. ಗದ್ಯಾಗ ಇಳಿಯೂ ಕಾಲು, ಬೆರಳ ಅಗಲ ಬಿಚ್ಚಿರ್ತಾವು” ಎಂದಳು ನೀಲಗಂಗವ್ವ.

“ಕಾಲು ಹೊಂದಿಕೊಳ್ಳುತ್ತದೆ” ಎಂದರು ಹೆಗಡೆಯವರು. ಶೆಡ್ಡಿನವರ ಜೊತೆ ಅವರು ಪುಸ್ತಕದ ಭಾಷೆಯಲ್ಲೇ ಮಾತಾಡುತ್ತಿದ್ದರು. “ಪೇಟೆಯ ಹೆಂಗಸರು ಚೂಪನ್ನೇ ಇಷ್ಟಪಡುತ್ತಾರೆ.”

ಹೀಗೆ ತಯಾರಾದ ಚಪ್ಪಲಿಗಳ ಅಂಚು ನಿಜಕ್ಕೂ ನೋಡುವ ಹಾಗಿತ್ತು. ಒಂದು ಕಲೆ ಇಲ್ಲ, ಒಂದು ಹನಿ ಇಲ್ಲ. ಹೆಗಡೆಯವರು ಒಂದನ್ನು ಕಾಗದದ ಮೇಲೆ ಇಡಿಸಿಕೊಂಡು, ಕನ್ನಡಕ ಏರಿಸಿ ಇಳಿಸಿ ನೋಡಿ ತಲೆದೂಗಿದರು. ಮಾಲು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಪೇಟೆಗೆ ಹೋಯಿತು. ಕಾರ್ತಿಕ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟೂ ತಿರುಗಿ ಬಂತು. ಕೋಲಸಿರ್ಸಿಯ ಸುಬ್ಬಿ ಎಂಬ ಹೆಂಗಸು ಸಿದ್ದಾಪುರದ ಅಂಗಡಿಯಲ್ಲಿ ಒಂದು ಜೊತೆ ಕೊಂಡು, ಬಸ್‌ಸ್ಟ್ಯಾಂಡಿಗೆ ನಡೆದು ಮುಟ್ಟುವಷ್ಟರಲ್ಲಿ ಕಿರುಬೆರಳು ಸುಲಿದುಕೊಂಡು, ತಿರುಗಿ ಅಂಗಡಿಗೆ ಬರಿಗಾಲಲ್ಲಿ ಬಂದು ಕೂಗಾಡಿದ್ದಳು. “ಇದ್ನ ಮಾಡ್ದೋನು ಮನುಷ್ಯರ ಕಾಲು ಕಂಡೋನೇ ಅಲ್ಲ. ಅವ್ನ ಹೆಂಡ್ತಿಗೆ ಹಾಕ್ಸಿ ನೋಡ್ಲಿ” ಎಂದ ಅವಳ ಮಾತನ್ನು ಅಂಗಡಿಯವನು ಚಾಚೂ ತಪ್ಪದೆ ಫೋನಿನಲ್ಲಿ ಅಭಿಜ್ಞಾಳಿಗೆ ಒಪ್ಪಿಸಿದ. ಅವಳು ಅದನ್ನು ಅಷ್ಟೇ ನಿಷ್ಠೆಯಿಂದ ಅಪ್ಪಯ್ಯನಿಗೆ ಒಪ್ಪಿಸಿದಳು.

ಹೆಗಡೆಯವರು ಎಲ್ಲ ಕೇಳಿಕೊಂಡು, “ಬಣ್ಣದ ಬಗ್ಗೆ ಎಂತಾದ್ರೂ ಹೇಳಿದ್ನ?” ಎಂದು ಕೇಳಿದರು.

ಆ ಪ್ರಶ್ನೆ ಕೇಳಿದ ದಿನ ಅಭಿಜ್ಞಾ ಬಿಲ್ಲು ಬರೆಯುವ ಮೇಜಿನಿಂದ ಎದ್ದವಳು ಮತ್ತೆ ಅಲ್ಲಿ ಕೂರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಅಚ್ಚುಗಳನ್ನು ಎತ್ತಿಸಿ ಒರೆಸಿದಳು. ಮುಂಬಯಿಯ ಮುಚ್ಚಳದ ಉಪಾಯ ಸರಿ ಇತ್ತು, ಅದು ನಮ್ಮ ಚಪ್ಪಲಿಯ ಮೈಗೆ ಅಂಟಿ ಕೂರಬೇಕು ಅಷ್ಟೆ. ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲಿ ಒಡೆದ ಬಂಪರುಗಳಿಗೆ ಫೈಬರಿನ ಬಟ್ಟೆ ಹಾಸಿ ಅಂಟು ಬಳಿದು ಗಟ್ಟಿ ಮಾಡುವುದನ್ನು ಅವಳು ಕಾಲೇಜಿಗೆ ಹೋಗುವಾಗಿನಿಂದ ನೋಡಿದ್ದಳು. ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ, ಆ ಬಟ್ಟೆ, ಆ ಅಂಟು ಕೊಡಿ, ಬಳಿಯುವುದು ಹೇಗೆಂದು ತೋರಿಸಿ ಎಂದಳು. ಹೆಗಡೆಯವರ ಮಗಳು ಚೀಲದಿಂದ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟದ್ದನ್ನು ನೋಡಿ ಗ್ಯಾರೇಜಿನವನು ಬೀಡಿ ಆರಿಸಿ ಎದ್ದು ನಿಂತ.

ಚಪ್ಪಲಿಯ ಮೇಲೇ ಆ ಬಟ್ಟೆ ಹಾಸಿ ಅಂಟು ಬಳಿದು ಚಿಪ್ಪಿನಂಥ ಮುಚ್ಚಳ ಮಾಡತೊಡಗಿದಳು. ಮೊದಲ ಚಿಪ್ಪು ಚಪ್ಪಲಿಗೇ ಕಚ್ಚಿಕೊಂಡುಬಿಟ್ಟಿತು. ಎರಡೂ ಕಸಕ್ಕೆ ಹೋದವು. ಎರಡನೆಯದನ್ನು ಮಾಡುವಾಗ ನಡುವೆ ತೆಳು ಪ್ಲಾಸ್ಟಿಕ್ಕು ಹಾಸಿದಳು. ಅದು ಬಿಟ್ಟುಕೊಂಡಿತು, ಆದರೆ ಅಂಚು ಕೊಯ್ಯುವಾಗ ಗರಗಸ ಜಾರಿ ಸೀಳಿತು. ಅಂಟಿನ ವಾಸನೆಗೆ ಅವಳಿಗೆ ತಲೆ ಸಿಡಿಯುತ್ತಿತ್ತು, ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ನೀಲಗಂಗವ್ವ ಕೊಬ್ಬರಿ ಎಣ್ಣೆ ತಂದು ಅವಳ ಕೈಗೆ ಸವರುತ್ತ, “ಇಷ್ಟ್ಯಾಕ ಜೀವಾ ತೇಯ್ತಿ ತಂಗಿ? ಬ್ರಷ್ಷಿನಾಗ ಹಚ್ಚಿದ್ರ ಯಾರೇನು ಸಾಯ್ತಿರಲಿಲ್ಲ” ಎಂದಳು.

“ಅಪ್ಪಯ್ಯ ಮಾಡಿದ್ದು ತಪ್ಪು ಅಂತ ತೋರಿಸ್ಬೇಕು” ಎಂದಳು ಅಭಿಜ್ಞಾ.

“ಅದು ಸಣ್ಣ ಹುಡುಗೂರ್ಗೂ ಗೊತ್ತೈತಿ. ಬ್ಯಾರೇ ಕಾರಣ ಹುಡುಕ್ಕೋ” ಎಂದಳು ನೀಲಗಂಗವ್ವ.

ಬೇರೆ ಕಾರಣ ತಾನಾಗಿಯೇ ಸಿಕ್ಕಿತು. ಒಂದು ದಿನ ಚಿಪ್ಪು ಸರಿಯಾಗಿ ಬಂತು. ಕಾರಿನ ಬಾಗಿಲಿಗೆ ಹಾಕುವ ರಬ್ಬರು ಪಟ್ಟಿಯನ್ನು ಸೀಳಿ ಅದರ ಅಂಚಿಗೆ ಅಂಟಿಸಿದಳು. ಒಳಗಿಂದ ಚಪ್ಪಲಿ ಹಾಕಿ ಒತ್ತಿದರೆ ಚರ್ಮ ಹೊದ್ದಂತೆ ಕೂತಿತು. ಚಿಪ್ಪಿನ ಮೇಲೆ ಮೇಣ ಸವರಿ ಬಣ್ಣ ಹೊಡೆದು ಒಣಗಿದ ಮೇಲೆ ಚಿಪ್ಪನ್ನು ಎಳೆದರೆ, ಚಿಪ್ಪಿನ ಮೇಲೆ ಬಿದ್ದಿದ್ದ ಬಣ್ಣ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕಿತ್ತುಬಂತು. ಚಪ್ಪಲಿಯ ಅಂಚಿನಲ್ಲಿ ಕಂದು ಗೆರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಶೆಡ್ಡಿನ ಹೆಂಗಸರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ಅಭಿಜ್ಞಾಳಿಗೆ ಆ ಗಳಿಗೆಯಲ್ಲಿ ಅಪ್ಪಯ್ಯನ ನೆನಪೇ ಬರಲಿಲ್ಲ. ಸಂಜೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ತನ್ನಷ್ಟಕ್ಕೆ ನಗುತ್ತಿದ್ದ ಅವಳನ್ನು ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಎಲ್ಲ ಅಳತೆಗೂ ಚಿಪ್ಪು ತಯಾರಾದವು. ಹುಬ್ಬಳ್ಳಿಯವನು ಬೈಯುವುದನ್ನು ಬಿಟ್ಟು ಬೇಗ ಕಳಿಸಿ ಎಂದು ಗೋಗರೆಯತೊಡಗಿದ. ಹೆಗಡೆಯವರು ಮುಂಬಯಿಯ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿ, ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಮಗಳ ಬಗ್ಗೆಯೂ ಎತ್ತಲಿಲ್ಲ.

ಅವಳ ಬಗ್ಗೆ ಮಾತು ಬಂದದ್ದು ಮದುವೆಯ ಸಂಬಂಧ ಬಂದಾಗ. ಯಲ್ಲಾಪುರದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ತುಷಾರ ಎಂಬ ಹುಡುಗ. ಅವನ ತಂದೆ ಅನಂತಮೂರ್ತಿ ಭಟ್ಟರು, ತಾಯಿ ದೇವಕಿ. ಹುಡುಗಿಯನ್ನು ನೋಡಲು ಅವರು ಮತ್ತಿಘಟ್ಟಕ್ಕೆ ಬರುವ ಹಿಂದಿನ ದಿನ ಹೆಗಡೆಯವರು ಮಗಳ ಕೈ ನೋಡಿ ಗಾಬರಿಯಾದರು. ಥಿನ್ನರಿನಲ್ಲಿ ತೊಳೆಸಿದರು, ಸೀಮೆಎಣ್ಣೆಯಲ್ಲಿ ತಿಕ್ಕಿಸಿದರು. ಉಗುರಿನ ಬುಡದ ಕಂದು ಹೋಗಲಿಲ್ಲ.

“ಮದರಂಗಿ ಹಚ್ಚು” ಎಂದರು ಕೊನೆಗೆ. “ಮದರಂಗಿ ಹಚ್ಚಿರೆ ಎಂತದೂ ಕಾಣ್ತಿಲ್ಲೆ.”

“ಚಪ್ಪಲಿ ಬಣ್ಣ ಮುಚ್ಚಲೆ ಮದರಂಗಿಯ?” ಎಂದಳು ಅಭಿಜ್ಞಾ. “ಮುಚ್ಚದ್ರಲ್ಲಿ ನಿಂಗೆ ಎನ್ನಕಿಂತ ಜಾಸ್ತಿ ಅನುಭವ ಇದ್ದು ಅಪ್ಪಯ್ಯ. ಆನು ಬರೀ ಚಪ್ಪಲಿ ಮುಚ್ತೆ.”

ಅವಳ ಆಯಿ, ಹೆಗಡೆಯವರ ಹೆಂಡತಿ, ಒಳಗಿಂದ, “ತಂಗಿ, ಸುಮ್ಮಂಗಿರೆ” ಎಂದು ಕೂಗಿದಳು. ಅಭಿಜ್ಞಾ ಮದರಂಗಿ ಹಚ್ಚಲಿಲ್ಲ.

ಮರುದಿನ ಬಂದವರು ಜಗಲಿಯಲ್ಲಿ ಕೂತು ಆಸರಿಗೆ ಕುಡಿದರು, ಕೇಸರಿಬಾತು ತಿಂದರು. ಅಡಕೆ, ಕಾಳುಮೆಣಸು, ಯಲ್ಲಾಪುರದ ರಸ್ತೆಯ ಹೊಂಡ ಎಲ್ಲ ಮಾತಾಗಿ ಮುಗಿದ ಮೇಲೆ ಭಟ್ಟರು ಮೀಸೆ ಒರೆಸಿಕೊಂಡು ಕೇಳಿದರು. “ಹೆಗಡೇರೆ, ನಿಮ್ದು ಶಿರಸೀಲಿ ಫ್ಯಾಕ್ಟರಿ ಇದ್ದು ಹೇಳಿ ಕೇಳಿದ್ದೆ. ಎಂತದು ಅದು?”

“ಪಾಲಿಮರ್ಸು.”

“ಹಂಗಂದ್ರೆ ಎಂತ ಮಾಡದು?”

“ಎಂತ, ರಬ್ಬರು ಸಾಮಾನು. ಬೇರೆ ಬೇರೆ ನಮೂನೆ ಇರ್ತು.”

“ಚಪ್ಪಲಿ” ಎಂದಳು ಬಾಗಿಲಲ್ಲಿ ನಿಂತಿದ್ದ ಅಭಿಜ್ಞಾ. “ಒಂದೇ ನಮೂನೆ. ಹೆಂಗಸ್ರದ್ದು.”

ಭಟ್ಟರು ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ಅದರಲ್ಲಿ ಇನ್ನೊಂದು ತುತ್ತು ಉಳಿದಿತ್ತು. ತಿನ್ನುವುದೋ ಬಿಡುವುದೋ ಎಂದು ಅವರ ಕೈ ಅರ್ಧದಲ್ಲೇ ನಿಂತಿತು. ಆಮೇಲೆ, ಆದದ್ದು ಆಗಿಹೋಗಿದೆ ಎಂಬಂತೆ ತಿಂದರು.

“ಅತ್ತೆ, ನೀವು ಮೆಟ್ಲ ಹತ್ರ ಬಿಟ್ಟಿದ್ದೂ ನಮ್ದೇಯ” ಎಂದಳು ಅಭಿಜ್ಞಾ ದೇವಕಿಯ ಕಡೆ ತಿರುಗಿ. “ಬೇಕಾದ್ರೆ ಅಂಚು ನೋಡಿ. ಬಣ್ಣ ಎಲ್ಲೂ ಹಾದಿಲ್ಲೆ.”

ದೇವಕಿ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಹೆಗಡೆಯವರು ಜಗಲಿಯ ಕಂಬವನ್ನು ಅದೇ ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

ತುಷಾರ ಮಾತ್ರ ಅವಳ ಹತ್ತಿರ ಒಂದು ನಿಮಿಷ ಮಾತಾಡಬೇಕು ಎಂದ. ಇಬ್ಬರೂ ಅಂಗಳದ ಆಚೆ ಹೋಗಿ ನಿಂತರು. ಅವನು ಕೆಟ್ಟವನಲ್ಲ, ಮೆತ್ತಗಿನ ದನಿಯವನು. “ಎಂಗೆ ಎಂತ ಅಡ್ಡಿಲ್ಲೆ. ಈಗಿನ ಕಾಲದಲ್ಲಿ ಅದೆಲ್ಲ ಯಾರು ನೋಡ್ತ? ನೀವು ಬೇಕಾರೆ ಮುಂದೂ ಮಾಡಿ” ಎಂದ.

ಅಭಿಜ್ಞಾಳ ಮುಖ ಸ್ವಲ್ಪ ಸಡಿಲವಾಯಿತು. ತುಟಿಯ ಮೂಲೆ ಸಮಕ್ಕೆ ಬಂತು.

“ಆದ್ರೆ ನಮ್ಮ ಕೇರೀಲಿ ಹೇಳದು ಬ್ಯಾಡ” ಎಂದು ಅವನು ಮುಂದುವರಿಸಿದ. “ಬ್ಯಾಗು ಮಾಡ್ತ್ರು ಹೇಳ್ಲಕ್ಕು. ಅದೂ ರೆಗ್ಜಿನ್ನೇ ಅಲ್ದ? ಸುಳ್ಳು ಹೇಳಿದಂಗೂ ಆಗ್ತಿಲ್ಲೆ.”

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ನೀವು ಯಲ್ಲಾಪುರದಿಂದ ಇಲ್ಲೀವರೆಗೆ ಕಾಲಿಗೆ ಬ್ಯಾಗು ಹಾಕ್ಯಂಡು ಬಂದ್ರಾ?” ಎಂದಳು.

ಅಷ್ಟಕ್ಕೆ ಆ ಸಂಬಂಧ ಮುಗಿಯಿತು. ಹೋಗುವಾಗ ದೇವಕಿ ಮೆಟ್ಟಿಲ ಹತ್ತಿರ ನಿಂತು ಚಪ್ಪಲಿಯನ್ನು ನೋಡಿ ಅನುಮಾನಿಸಿದಳು. ಅಂಗಳದ ಜಲ್ಲಿ ಬಿಸಿಲಿಗೆ ಕಾದಿತ್ತು. ಮೆಟ್ಟಿಕೊಂಡೇ ಜೀಪು ಹತ್ತಿದಳು.

ಇದಾದ ಮೇಲೆ ಹೆಗಡೆಯವರು ಮಗಳ ಜೊತೆ ಮಾತು ಬಿಟ್ಟರು. ಮನೆಯಲ್ಲಿ ಹೆಂಡತಿಯ ಮೂಲಕ, ಶೆಡ್ಡಿನಲ್ಲಿ ನೀಲಗಂಗವ್ವನ ಮೂಲಕ ಹೇಳಿಸುತ್ತಿದ್ದರು. “ಬಣ್ಣದ ಡಬ್ಬಿ ಮುಗಿಯುತ್ತ ಬಂದಿದೆ ಎಂದು ಅವಳಿಗೆ ಹೇಳು” ಎನ್ನುವರು, ಅಭಿಜ್ಞಾ ಪಕ್ಕದಲ್ಲೇ ನಿಂತಿರುವಳು. ಒಂದು ದಿನ ನೀಲಗಂಗವ್ವನಿಗೆ ಸಾಕಾಗಿ, “ನಾ ಏನ್ ಟಪಾಲ ಪೆಟ್ಟಿಗೇನ್ರಿ ಸಾಹುಕಾರ್ರ? ಆಕಿ ಕಿವಿ ನಿಮಗಿಂತ ಛಲೋ ಅದಾವು, ನೀವ ಹೇಳ್ರಿ” ಎಂದಳು. ಹೆಗಡೆಯವರು ಅವತ್ತಿನಿಂದ ಗೋಡೆಗೆ ಹೇಳತೊಡಗಿದರು.

ಎರಡು ಮಳೆಗಾಲ ಹೀಗೆ ಕಳೆಯಿತು. ಅಭಿಜ್ಞಾ ಕಂದಿನ ಜೊತೆ ಕಪ್ಪು, ನೀಲಿ ಅಂಚುಗಳನ್ನೂ ಶುರುಮಾಡಿದಳು. ಒಂದೇ ಅಂಚಿನಲ್ಲಿ ಎರಡು ಬಣ್ಣ ಬರುವಂತೆ ಚಿಪ್ಪಿನ ಮೇಲೊಂದು ಚಿಪ್ಪು ಕೂರಿಸಿದಳು. ಮಾಲು ಹಾವೇರಿ, ಗದಗದವರೆಗೂ ಹೋಯಿತು. ಆಗ ಶಿರಸಿಯ ವರ್ತಕರ ಒಂದು ಸಂಘದವರು, ತಮ್ಮ ವಾರ್ಷಿಕೋತ್ಸವಕ್ಕೆ ಸನ್ಮಾನಿಸಲು ಯಾರಾದರೂ ಬೇಕಾಗಿ, ವಿಘ್ನೇಶ್ವರ ಹೆಗಡೆಯವರನ್ನು ಆರಿಸಿದರು. ‘ಪಾದರಕ್ಷಾ ಕ್ಷೇತ್ರದ ಸಾಧಕ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಯಿತು.

ಹೆಗಡೆಯವರು ಮೂರ್ಛೆ ಹೋಗಬಹುದೆಂದು ಅಭಿಜ್ಞಾ ಕಾದಳು. ಹೋಗಲಿಲ್ಲ. ಬದಲಿಗೆ ಅವರು ಆ ಪತ್ರಿಕೆಗಳನ್ನು ಹೆಚ್ಚಿಗೆ ತರಿಸಿಕೊಂಡು ಮತ್ತಿಘಟ್ಟ, ತ್ಯಾಗಲಿ ಎಲ್ಲ ಕಡೆಗೂ ಹಂಚಿದರು. ಶಾಲು, ಹಾರ, ಫಲಕ ಎಂಬ ಮೂರು ವಸ್ತುಗಳು ಸೇರಿದರೆ ಮೈಲಿಗೆ ಹೋಗುತ್ತದೆಂದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ, ಹೆಗಡೆಯವರಿಗಂತೂ ಹೋಯಿತು.

ಸಭೆಯಲ್ಲಿ ಅವರು ಬಹಳ ಹೊತ್ತು ಮಾತಾಡಿದರು. “ಮಾಡುವ ಕೆಲಸಕ್ಕೆ ಜಾತಿಯಿಲ್ಲ ಎಂಬುದು ನನ್ನ ಬಾಳಿನ ನಂಬಿಕೆ” ಎಂದರು. “ಚಪ್ಪಲಿ ಎಂದರೆ ಮೂಗು ಮುರಿಯುವ ಸಮಾಜದಲ್ಲಿ ನಾನು ತಲೆಯೆತ್ತಿ ಚಪ್ಪಲಿ ಮಾಡಿದೆ. ಅಂಚಿಗೆ ಬಣ್ಣ ಹಾಯದಂತೆ ಚಿಪ್ಪಿನ ಸಲಕರಣೆಯನ್ನು ಕಂಡುಹಿಡಿಯುವಾಗ ನಾನು ಪಟ್ಟ ಪಾಡು ನನಗೇ ಗೊತ್ತು. ಮೊದಲ ಚಿಪ್ಪು ಕಚ್ಚಿಕೊಂಡುಬಿಟ್ಟಿತು. ಆದರೂ ಎದೆಗುಂದಲಿಲ್ಲ.”

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅಭಿಜ್ಞಾಳ ಪಕ್ಕದಲ್ಲಿ ಕೂತಿದ್ದ ನೀಲಗಂಗವ್ವ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ಯವ್ವಾ, ಇವ್ರಿಗೆ ನಾಳೆ ನನಗ ಗಾಜಿನ ಲ್ವಾಟದಾಗ ಚಾ ಕೊಡ್ರಿ ಅಂದ್ರ ಕೊಡ್ತಾರೇನು?” ಎಂದು ಪಿಸುಗುಟ್ಟಿದಳು. ಅಭಿಜ್ಞಾಳಿಗೆ ನಗು ಬಂತು, ತಡೆಯಲಾಗಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನಗು ನಿಂತ ಮೇಲೆ ಅವಳಿಗೆ ಆಶ್ಚರ್ಯವಾಯಿತು. ಸಿಟ್ಟು ಬರಬೇಕಾಗಿತ್ತು, ಬಂದಿರಲಿಲ್ಲ. ಇಷ್ಟು ವರ್ಷ ತಿರಸ್ಕಾರ ಮಾಡಿ ಮಾಡಿ ಅದೂ ಹಳಸಿದ ಪಲ್ಯದ ಹಾಗಾಗಿತ್ತು. ಇದೇ ಮನುಷ್ಯನನ್ನು ಹಳಿಯುತ್ತ ತನ್ನ ಆಯುಷ್ಯ ಕಳೆಯುವುದು ಎಂಥ ದಂಡ ಎಂದು ಅವಳಿಗೆ ಅಲ್ಲೇ, ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ ಅನ್ನಿಸಿತು.

ಮನೆಗೆ ಹೋಗುವ ಕಾರಿನಲ್ಲಿ ಹೆಗಡೆಯವರು ಶಾಲಿನ ಮಡಿಕೆ ಸರಿಮಾಡುತ್ತ, ಬಹಳ ಕಾಲದ ನಂತರ ನೇರವಾಗಿ ಅವಳ ಜೊತೆ ಮಾತಾಡಿದರು. “ನಿನ್ನ ಹೆಸರು ಹೇಳವು ಹೇಳಿ ಇದ್ದಿತ್ತು ತಂಗಿ. ಹೊತ್ತಾಗಿ ಬಿಟ್ಟೋತು.”

“ಬಿಟ್ಟಿದ್ದೇ ಚೊಲೋ ಆತು” ಎಂದಳು ಅವಳು. “ಆನು ಸಿದ್ದಾಪುರದಲ್ಲಿ ಬೇರೆ ಶೆಡ್ಡು ನೋಡ್ತೆ ಅಪ್ಪಯ್ಯ.”

“ಎಂತಕ್ಕೆ?”

“ಚಪ್ಪಲಿ ಮಾಡಲೆ.”

ಹೆಗಡೆಯವರು ಇದು ಒಂದು ದಿನದ ಹಟ ಎಂದುಕೊಂಡರು. ಆದರೆ ದೀಪಾವಳಿ ಕಳೆಯುವಷ್ಟರಲ್ಲಿ ಸಿದ್ದಾಪುರದ ಪೇಟೆಯಾಚೆ ಒಂದು ಹಳೆಯ ಅಕ್ಕಿ ಗಿರಣಿಯ ಕಟ್ಟಡದಲ್ಲಿ ಅವಳ ಕೆಲಸ ಶುರುವಾಯಿತು. ನೀಲಗಂಗವ್ವ ತನ್ನ ಹಾಸಿಗೆ ಸುತ್ತಿಕೊಂಡು ಅವಳ ಹಿಂದೆ ಬಂದಳು. ಹಳೆಯ ಚಿಪ್ಪುಗಳನ್ನೆಲ್ಲ ಅಭಿಜ್ಞಾ ಶಿರಸಿಯಲ್ಲೇ ಬಿಟ್ಟಿದ್ದಳು, ಒಂದನ್ನೂ ಒಯ್ಯಲಿಲ್ಲ. ಹೆಗಡೆಯವರು ಅದನ್ನು ತಮ್ಮ ಗೆಲುವೆಂದು ತಿಳಿದರು. ಒಂದು ವರ್ಷ ಅವುಗಳ ಮೇಲೆ ಕಾರ್ಖಾನೆ ನಡೆಯಿತು. ಆಮೇಲೆ ಹುಬ್ಬಳ್ಳಿಯವನು ಹಿಮ್ಮಡಿ ಎತ್ತರವಿರುವ ಹೊಸ ನಮೂನೆ ಕೇಳಿದ. ಹಳೆಯ ಚಿಪ್ಪು ಯಾವುದೂ ಅದಕ್ಕೆ ಕೂರಲಿಲ್ಲ. ಹೊಸದನ್ನು ಮಾಡಲು ಸಾಧಕರಿಗೆ ಬರುತ್ತಿರಲಿಲ್ಲ. ಹೆಂಗಸರು ಮತ್ತೆ ಟೇಪು ಅಂಟಿಸಿ ಬ್ರಷ್ಷಿನಲ್ಲಿ ಬಳಿದರು, ಬಣ್ಣ ಮತ್ತೆ ಹಾಯಿತು.

ಹೊಸ ಚಿಪ್ಪು ಮಾಡಿಸಿಕೊಂಡು ಬರಲು ಮೊದಲು ಹೆಗಡೆಯವರು ಒಬ್ಬ ಆಳನ್ನು ಸಿದ್ದಾಪುರಕ್ಕೆ ಕಳಿಸಿದರು. ಚಪ್ಪಲಿಯ ಅಳತೆ ಸರಿಯಾಗಿ ಕೇಳಬೇಕು, ಮಾಡಿಸುವವರೇ ಬರಲಿ ಎಂದು ಅಭಿಜ್ಞಾ ಅವನಿಗೆ ಚಹಾ ಕೊಟ್ಟು ಕಳಿಸಿದಳು. ಮುಂದಿನ ವಾರ ಅವರೇ ಬಂದರು. ಕೈಯಲ್ಲಿ ಒಂದು ಚೀಲ, ಚೀಲದೊಳಗೆ ಪೇಪರಿನಲ್ಲಿ ಸುತ್ತಿದ ಚಪ್ಪಲಿ ಜೋಡಿ. ಸ್ವಲ್ಪ ಸೊರಗಿದ್ದರು. ಅವಳು ಎದ್ದು ಕ್ಷೇಮ ಕೇಳಿದಳು, ಆಯಿಯ ಮಂಡಿನೋವು ಕೇಳಿದಳು, ಕುರ್ಚಿ ಕೊಟ್ಟಳು. ಬೇರೆ ಗಿರಾಕಿಗೆ ಹೇಗೋ ಹಾಗೆ ಚಪ್ಪಲಿಯನ್ನು ತಿರುಗಿಸಿ ನೋಡಿ, “ಸೋಮವಾರ ಕೊಡ್ತೆ” ಎಂದಳು.

“ಅಕ್ಕು” ಎಂದರು ಹೆಗಡೆಯವರು.

ಬಂದ ಕೆಲಸ ಮುಗಿದಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಸುತ್ತ ಕೂತಿದ್ದ ಹುಡುಗಿಯರು ಈ ಬಿಳಿ ಪಂಚೆಯವರನ್ನು ಕುತೂಹಲದಿಂದ ನೋಡುತ್ತಿದ್ದರು. ಹೊಸಬರು, ಸಿದ್ದಾಪುರದವರು, ಅವರಿಗೆ ಇವರು ಯಾರೆಂದು ಗೊತ್ತಿರಲಿಲ್ಲ. ಹೆಗಡೆಯವರು ಚಹಾ ಕುಡಿದು ಗಂಟಲು ಸರಿಮಾಡಿಕೊಂಡರು.

“ಈ ಚಿಪ್ಪು ಇದೆಯಲ್ಲ” ಎಂದು ಹುಡುಗಿಯರಿಗೆ ಹೇಳತೊಡಗಿದರು, “ಇದನ್ನು ಮೊದಲು ಮಾಡಿದಾಗ ಕಚ್ಚಿಕೊಂಡುಬಿಟ್ಟಿತ್ತು. ಆಗ ನಾನು ಏನು ಮಾಡಿದೆ ಅಂದರೆ...”

ಹುಡುಗಿಯರು ಅಭಿಜ್ಞಾಳ ಮುಖ ನೋಡಿದರು. ನೀಲಗಂಗವ್ವ ನೋಡಿದಳು. ಅಭಿಜ್ಞಾ ಎದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗನ್ನಿಗೆ ಬಣ್ಣ ತುಂಬಿ, ಕಂಪ್ರೆಸರಿನ ಸ್ವಿಚ್ಚು ಒತ್ತಿದಳು. ಹಳೆಯ ಯಂತ್ರ, ಗಿರಣಿಯ ತಗಡಿನ ಸೂರೆಲ್ಲ ನಡುಗುವಂತೆ ಶಬ್ದ ಮಾಡಿತು. ಅವಳು ಚಿಪ್ಪು ತೊಡಿಸಿದ ಚಪ್ಪಲಿಯೊಂದನ್ನು ಎತ್ತಿಕೊಂಡು ಅಂಚಿನ ಸುತ್ತ ಗನ್ನು ತಿರುಗಿಸತೊಡಗಿದಳು. ಕುರ್ಚಿಯ ಮೇಲೆ ಹೆಗಡೆಯವರ ತುಟಿಗಳು ಇನ್ನೂ ಆಡುತ್ತಿದ್ದವು, ಕೈಯೂ ಆಡುತ್ತಿತ್ತು. ಅವರು ನಿಲ್ಲಿಸುವವರೆಗೂ ಅವಳು ಒಂದಾದ ಮೇಲೊಂದು ಜೋಡಿಯನ್ನು ತೆಗೆದುಕೊಳ್ಳುತ್ತಲೇ ಇದ್ದಳು.